ಕಾವಿಗೆ ಕೂತ ಜನರೇಟರ್

ಅಂಕೇಗೌಡ ಹೊಸ ಯಂತ್ರ ಮಾಡಿದ್ದಾನೆ ಎಂದು ಸುದ್ದಿ ಬಂದರೆ ಹೊಂಬಾಳಮ್ಮ ಮೊದಲು ಒಣಹಾಕಿದ ಬಟ್ಟೆಗಳನ್ನು ಒಳಗೆ ತರುತ್ತಿದ್ದಳು. ಮೈದುನ ಕೆಟ್ಟವನೇನಲ್ಲ. ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ರಿಟೈರ್ ಆದವನು, ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಅವನು ಕಾಗೆ ಓಡಿಸಲೆಂದು ಮಾಡಿದ ಯಂತ್ರ ತಾಲ್ಲೂಕಿನ ಕಾಗೆಗಳನ್ನೆಲ್ಲ ಮನೆ ಮೇಲೆ ಕರೆತಂದು ಕೂರಿಸಿತ್ತು.

ಆದರೆ ಇವತ್ತು ಅವನನ್ನು ಕರೆಸಿದ್ದು ಅವಳೇ. ಅವಳ ಬೋಳುಕತ್ತಿನ ನಾಟಿಕೋಳಿ ಮುಂಗುಸಿಯ ಪಾಲಾಗಿತ್ತು. ಕೋಳಿ ಇಟ್ಟುಹೋದ ಮೊಟ್ಟೆಗಳು ಬಲ್ಬಿನ ಕಾವುಪೆಟ್ಟಿಗೆಯಲ್ಲಿದ್ದವು. ಆ ತಳಿ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿರಲಿಲ್ಲ. ಬೆಳಗ್ಗೆ ಮೊಟ್ಟೆಗಳು ಬಿರುಕು ಬಿಡತೊಡಗಿದವು, ಸರಿಯಾಗಿ ಆಗಲೇ ಕರೆಂಟು ಹೋಯಿತು. ಲೈನ್ ರಿಪೇರಿಯಂತೆ, ಸಾಯಂಕಾಲದವರೆಗೆ ಬರುವುದಿಲ್ಲವಂತೆ. ಪೆಟ್ಟಿಗೆ ತಣ್ಣಗಾದರೆ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ಹೊಂಬಾಳಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಅಂಕೇಗೌಡ ಅಂಗಳಕ್ಕೆ ಬಂದ. ಅವನ ಹಿಂದೆ ಜನರೇಟರ್ ಬಂತು, ತನ್ನದೇ ನಾಲ್ಕು ಕಾಲಿನ ಮೇಲೆ ನಡೆದುಕೊಂಡು.

"ಜನ ಇಂಥವುನ್ನ ಮನೆ ಒಳಗೆ ಓಡ್ಸಿ ಸಾಯ್ತಾವ್ರೆ ಅತ್ಗೆ," ಎಂದ ಅವನು. "ಹೊಗೇಲಿರೋ ವಿಷಕ್ಕೆ ವಾಸ್ನೆನೇ ಇರಾಕಿಲ್ಲ, ನಿದ್ದೆ ಬಂದಂಗೆ ಜೀವ ಹೋಯ್ತದೆ. ಅದ್ಕೇ ಜಾಗ್ರತೆನ ಜನಕ್ಕೆ ಬುಡ್ಲಿಲ್ಲ, ಯಂತ್ರಕ್ಕೇ ಕೊಟ್ಟಿವ್ನಿ. ನಾಕು ಗೋಡೆ ಮಧ್ಯೆ ಇದ್ದೀನಿ ಅನ್ನುಸ್ತು ಅಂದ್ರೆ ತಾನೇ ಎದ್ದು ಬಯಲಿಗೆ ಹೋಯ್ತದೆ. ಹತ್ರ ಬಂದೋರ್ನ ಗದರ್ತದೆ. ಪ್ಲಗ್ ಎಲ್ಲಾ ಕಿತ್ತ ಮೇಲೇನೇ ಆಫ್ ಆಗೋದು."

"ಇಷ್ಟೆಲ್ಲಾ ಮಾಡ್ತದಲ್ಲ, ಕರೆಂಟ್ ಕೊಡ್ತದಾ?"

"ಕೊಡ್ದೆ ಏನತ್ಗೆ."

ಹೊಸ ಯಂತ್ರವನ್ನು ಪೂಜೆಯಿಲ್ಲದೆ ಶುರು ಮಾಡುವ ಮನೆ ಅದಲ್ಲ. ಹೊಂಬಾಳಮ್ಮ ಅವಸರದಲ್ಲೇ ಸೇವಂತಿಗೆ ಹಾರ ಹಾಕಿ ಊದುಬತ್ತಿ ಕೈಗೆತ್ತಿಕೊಂಡಳು. ಪೆಟ್ರೋಲಿನ ಹತ್ತಿರ ಬೆಂಕಿ ತರಬೇಡಿ ಎಂದು ಅಂಕೇಗೌಡ ಕೂಗಿಕೊಂಡ. ಅದೂ ಸರಿಯೇ ಅನ್ನಿಸಿ ಊದುಬತ್ತಿಯ ಕೊರತೆಯನ್ನು ಕುಂಕುಮದಲ್ಲಿ ತುಂಬಿಕೊಟ್ಟಳು. ಯಂತ್ರದ ಮುಂಭಾಗದಲ್ಲಿ ನುಣ್ಣನೆಯ ದುಂಡು ಗಾಜೊಂದಿತ್ತು. ಇದೇ ಹಣೆಯಿರಬೇಕೆಂದು ಒದ್ದೆ ಕುಂಕುಮವನ್ನು ದಪ್ಪಗೆ ಮೆತ್ತಿದಳು. ಅದು ಯಂತ್ರದ ಕಣ್ಣು ಎಂದು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ಅಂಕೇಗೌಡ ಅತ್ತ ಬಗ್ಗಿ ಪೆಟ್ರೋಲ್ ವಾಲ್ವ್ ತಿರುಗಿಸಿ, ಚೋಕ್ ಎಳೆದು, ಹಗ್ಗ ಜಗ್ಗಿದ. ಸ್ವಲ್ಪ ಹೊತ್ತು ಬರಿದೇ ಓಡಲು ಬಿಟ್ಟು ಆಮೇಲೆ ಪೆಟ್ಟಿಗೆಯ ಪ್ಲಗ್ ಸಿಕ್ಕಿಸಿದ. ಬಲ್ಬು ಹತ್ತಿತು. ಹೊಂಬಾಳಮ್ಮನಿಗೆ ಮೈದುನನ ಮೇಲೆ ಮೊದಲ ಸಲ ಗೌರವ ಹುಟ್ಟಿತು, ಹೆಚ್ಚು ಹೊತ್ತು ಉಳಿಯಲಿಲ್ಲ.

"ನಾನು ಕೋಣೆಯೊಳಗಿದ್ದೇನೆ," ಎಂದಿತು ಯಂತ್ರ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಧಾಟಿಯಲ್ಲಿ. "ಸುರಕ್ಷತೆಯ ದೃಷ್ಟಿಯಿಂದ ಹೊರಗೆ ಹೋಗುತ್ತಿದ್ದೇನೆ."

"ಹೊರ್ಗೇ ಇದ್ದೀಯಲ್ಲೋ," ಎಂದ ಅಂಕೇಗೌಡ. "ತಲೆ ಮೇಲೆ ಆಕಾಶ ಐತೆ, ನೋಡು!"

ಯಂತ್ರ ನೋಡುವ ಸ್ಥಿತಿಯಲ್ಲಿರಲಿಲ್ಲ. ಎದ್ದು ಬೀದಿಗಿಳಿಯಿತು. ವೈರು ಬಿಗಿಯಾಗಿ ಪೆಟ್ಟಿಗೆ ಜಗುಲಿಯ ಅಂಚಿಗೆ ಜಾರಿತು. ಹೊಂಬಾಳಮ್ಮ ಸೆರಗನ್ನೇ ಸಿಂಬೆ ಸುತ್ತಿ, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಓಡಿದಳು.

"ಆಫ್ ಮಾಡಪ್ಪ ಅದುನ್ನ!"

"ಆಫ್ ಆಗ್ಬೇಕಂದ್ರೆ ಮೊದ್ಲು ಪ್ಲಗ್ ಕೀಳ್ಬೇಕತ್ಗೆ."

"ಪ್ಲಗ್ ಕಿತ್ರೆ ಮರಿ ಸಾಯ್ತವೆ."

"ಹಂಗಾರೆ ಓಡಿ."

ಪೇಟೆಬೀದಿಯವರು ಕಂಡದ್ದು ಇಷ್ಟು: ಮುಂದೆ ಹಾರ ಹಾಕಿಸಿಕೊಂಡು ಕುಂಕುಮ ಬಳಿಸಿಕೊಂಡು ಗುಡುಗುತ್ತ ಬರುವ ಏನೋ ಒಂದು, ಹಿಂದೆ ಪೆಟ್ಟಿಗೆ ಹೊತ್ತ ಹೆಂಗಸು, ಅವಳ ಹಿಂದೆ ಪೆಟ್ರೋಲ್ ಕ್ಯಾನ್ ಹಿಡಿದ ಅಂಕೇಗೌಡ. ಯಾವುದೋ ದೇವರು ಹೊರಟಿದೆ ಎಂದು ಅಂಗಡಿಯವರೆಲ್ಲ ಎದ್ದು ಕೈಮುಗಿದರು. ದಿನಸಿ ಅಂಗಡಿಯ ಮಾಲೀಕ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದ.

"ಇಂಧನದ ಬಳಿ ಬೆಂಕಿ ತರಬೇಡಿ. ದಯವಿಟ್ಟು ದೂರ ನಿಲ್ಲಿ," ಎಂದು ಶಾಖ ತಾಗಿದ್ದೇ ಯಂತ್ರ ಗದರಿತು.

ದೇವರು ಬಾಯಿಬಿಟ್ಟು ಮಾತಾಡಿದ್ದನ್ನು ಕೇಳಿ ಅವನು ಅಲ್ಲೇ ಅಡ್ಡಬಿದ್ದ. ಎದ್ದವನೇ, ದೇವರಲ್ಲಿ ಇನ್ನೊಂದು ಪ್ಲಗ್ ಪಾಯಿಂಟ್ ಖಾಲಿಯಿರುವುದನ್ನು ಗಮನಿಸಿ, ಮೊಬೈಲ್ ಚಾರ್ಜರ್ ಸಿಕ್ಕಿಸಿಕೊಂಡು ಭಕ್ತಿಯಿಂದ ಜೊತೆಗೆ ನಡೆಯತೊಡಗಿದ.

ಊರು ದಾಟುವಾಗ ತಲೆಯ ಮೇಲೆ ಚಿಂವ್ ಎಂದಿತು. ಇನ್ನೊಂದು ಚಿಂವ್. ಹೊಂಬಾಳಮ್ಮನ ಕಣ್ಣು ತುಂಬಿತು. "ಬದುಕವೆ ಕಣಪ್ಪ, ಬದುಕವೆ," ಎನ್ನುತ್ತ ಏದುಸಿರಿನಲ್ಲೇ ಓಡಿದಳು.

ಒಣಗಿದ ಕೆರೆಯಂಗಳದ ನಟ್ಟನಡುವೆ, ಸುತ್ತ ಒಂದು ಗಿಡವೂ ಇಲ್ಲದ ಕಡೆ, "ನಾನು ಇನ್ನೂ ಕೋಣೆಯೊಳಗಿದ್ದೇನೆ," ಎಂದು ಹೇಳಿ ಪೆಟ್ರೋಲ್ ಮುಗಿದು ಯಂತ್ರ ನಿಂತಿತು. ಭಕ್ತ ಚಾರ್ಜರ್ ಕಿತ್ತುಕೊಂಡು ವಾಪಸು ಹೋದ. ಪೆಟ್ಟಿಗೆಯ ಬಲ್ಬು ಆರಿತ್ತು. ಒಳಗೆ ಮರಿಗಳು ಒದ್ದೆ ಮೈಯಲ್ಲಿ ನಡುಗುತ್ತಿದ್ದವು, ಕೆರೆಯಂಗಳದಲ್ಲಿ ಗಾಳಿ ಜೋರಾಗಿತ್ತು.

"ಪೆಟ್ರೋಲ್ ಹುಯ್ಯಪ್ಪ, ಬೇಗ."

"ಬಿಸಿ ಇಂಜಿನ್‌ಗೆ ಹುಯ್ದ್ರೆ ಧಗ್ ಅಂತ ಹತ್ಕತದೆ. ತಣ್ಣಗಾಗ್ಲಿ ಇರಿ."

"ಅದು ತಣ್ಣಗಾಗೋ ಹೊತ್ಗೆ ಇವೂ ತಣ್ಣಗಾಗೋಯ್ತವೆ."

ಹೊಂಬಾಳಮ್ಮ ಯಂತ್ರದ ಹೊಟ್ಟೆಯ ತಗಡಿಗೆ ಅಂಗೈ ತಾಗಿಸಿ ನೋಡಿದಳು. ಸುಡುವಷ್ಟಿರಲಿಲ್ಲ, ಹದವಾಗಿತ್ತು. ಇನ್ನು ಯಾರನ್ನೂ ಕೇಳದೆ ಮರಿಗಳನ್ನು ಒಂದೊಂದಾಗಿ ಎತ್ತಿ ಅದರಡಿಗೆ ಬಿಟ್ಟಳು. ಅವು ಒತ್ತಿಕೊಂಡು ಕೂತು ಕಣ್ಣು ಮುಚ್ಚಿದವು. ಅವಳು ಅಂಗಾತ ಮಲಗಿಬಿಟ್ಟಳು.

ಅಂಕೇಗೌಡ ಆಗ ಗಾಜು ನೋಡಿದ. "ಅತ್ಗೆ, ಕಣ್ಣಿಗೆ ಯಾಕೆ ಕುಂಕುಮ ಮೆತ್ತುದ್ರಿ?"

"ಹಣೆ ಅನ್ಕಂಡೆ. ಕಣ್ಣು ಮಾಡೋನು ಒಂದು ಹಣೆ ಮಾಡ್ಬಾರ್ದಾ?"

ಅವನು ಪಂಚೆಯ ತುದಿಯಿಂದ ಗಾಜು ಒರೆಸಿದ. ಯಂತ್ರ, ಬ್ಯಾಟರಿಯ ಬಲದಲ್ಲಿ, ಮೊದಲು ಬಯಲನ್ನು ನೋಡಿತು, ಆಮೇಲೆ ತನ್ನ ಹೊಟ್ಟೆಯ ಕೆಳಗೆ ನೋಡಿತು. ಬಹಳ ಹೊತ್ತು ನೋಡಿತು.

"ಸಮೀಪದಲ್ಲಿ ಜೀವಿಗಳಿವೆ. ಸುರಕ್ಷತೆಯ ದೃಷ್ಟಿಯಿಂದ ಚಾಲೂ ಆಗುವುದಿಲ್ಲ," ಎಂದು ಮೆಲ್ಲಗೆ ಹೇಳಿ, ಕಾಲು ಮಡಿಸಿ ಕೂತು, ಎರಡೂ ಪಕ್ಕದ ಮುಚ್ಚಳಗಳನ್ನು ಮರಿಗಳ ಮೇಲೆ ಇಳಿಬಿಟ್ಟಿತು.

ಈಗ ಅದು ಹೊಂಬಾಳಮ್ಮನ ಹಿತ್ತಲಲ್ಲಿದೆ. ಕರೆಂಟು ಹೋದರೆ ಇಡೀ ಬೀದಿ ಕತ್ತಲಲ್ಲಿ ಕೂರುತ್ತದೆ, ಜನರೇಟರ್ ಮಾತ್ರ ಜಪ್ಪಯ್ಯ ಅಂದರೂ ಚಾಲೂ ಆಗುವುದಿಲ್ಲ. ಹಗಲೆಲ್ಲ ತಿಪ್ಪೆಯ ಸುತ್ತ ತಿರುಗುತ್ತದೆ, ಮರಿಗಳು ಸಾಲಾಗಿ ಹಿಂದೆ. ಪಕ್ಕದ ಮನೆಯ ಹುಂಜ ಬೆಳಗಾದರೆ ಬಂದು, ಹೇಂಟೆಯನ್ನು ಒಲಿಸುವಾಗಿನಂತೆ ರೆಕ್ಕೆ ಒಂದು ಕಡೆಗೆ ಇಳಿಬಿಟ್ಟು, ಅದರ ಸುತ್ತ ಸುತ್ತುತ್ತದೆ. ಹುಂಜ ಹತ್ತಿರ ಬಂದಾಗ ಮಾತ್ರ ಯಂತ್ರ ದೂರ ನಿಲ್ಲಿ ಎನ್ನುವುದಿಲ್ಲ.

ಅಂಕೇಗೌಡ ಆಗಾಗ ಬಂದು ಬೇಲಿಯ ಹತ್ತಿರ ನಿಂತು ಕೇಳುತ್ತಾನೆ, "ಅತ್ಗೆ, ನನ್ ಜನರೇಟರ್ ವಾಪಸ್ ಯಾವಾಗ?"

"ಮರಿ ಬಲೀಲಿ, ತಗೊಂಡೋಗು. ನಂದೇನೂ ಅಡ್ಡಿಯಿಲ್ಲ," ಎನ್ನುತ್ತಾಳೆ ಹೊಂಬಾಳಮ್ಮ. "ಹುಂಜನ್ನ ಮಾತ್ರ ಒಂದ್ಮಾತು ಕೇಳ್ಬುಡು."