ಟೈಲರಕ್ಕ ಯಾವ ದೇಶದವಳು

ತಾಲೂಕು ಕಚೇರಿ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಸರ್ಕಾರವೇ ಬಾಗಿಲಿಗೆ ತಂದು ಸುರಿಯುತ್ತದೆ. ಎದುರಿಗೆ ನಿಂತು ಬೀಡಿ ಸೇದುತ್ತಿದ್ದ ಮನುಷ್ಯನಿಗೆ ‘ನಾನು ಬದುಕಿದ್ದೇನೆ’ ಅಂತ ಅರ್ಜಿ ಬರೆದುಕೊಟ್ಟವನು ನಾನು. ಗುಂಡ್ಲುಪೇಟೆಯಲ್ಲಿ ಇಪ್ಪತ್ತೈದು ವರ್ಷದಿಂದ ಇದೇ ಕಸುಬು. ಆದರೆ ಪಕ್ಕದ ಅಂಗಡಿ ಟೈಲರಕ್ಕನ ಫೈಲು ಇದೆಯಲ್ಲ, ನಗುವನ್ನೂ ಸಿಟ್ಟನ್ನೂ ಒಟ್ಟಿಗೇ ಬರಿಸಿದ್ದು ಅದೊಂದೇ.

ಟೈಲರಕ್ಕನ ಅಪ್ಪ ಅಮ್ಮ ಶ್ರೀಲಂಕಾದ ಟೀ ತೋಟದಲ್ಲಿದ್ದ ತಮಿಳರು. ಅಲ್ಲಿ ಗಲಾಟೆ ಆದಾಗ ರಾತ್ರೋರಾತ್ರಿ ದೋಣಿ ಹತ್ತಿ ಬಂದು, ಕೂಲಿ ಹುಡುಕಿಕೊಂಡು ಇಲ್ಲಿಗೆ ತಲುಪಿ, ಈರುಳ್ಳಿ ಲಾರಿಗೆ ಮೂಟೆ ಹೊತ್ತು ಬದುಕಿದವರು. ಅಕ್ಕ ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ, ಉಡಿಗಾಲದ ಹುಡುಗನನ್ನ ಮದುವೆಯಾಗಿದ್ದೂ ಇಲ್ಲೇ. ಸಮುದ್ರ ನೋಡಿರೋದು ಟಿವಿಯಲ್ಲಿ. ಹದಿನೆಂಟು ತುಂಬಿದಾಗಿನಿಂದ ಪೌರತ್ವಕ್ಕೆ ಅರ್ಜಿ ಹಾಕುತ್ತಲೇ ಇದ್ದಾಳೆ. ಈಗ ಗಂಡ ತೀರಿಕೊಂಡಿದ್ದಾನೆ, ಮಗಳು ಪಿಯುಸಿಯಲ್ಲಿದ್ದಾಳೆ. ಅಂಥ ಹೊತ್ತಿಗೆ ಚಾಮರಾಜನಗರದ ಜಿಲ್ಲಾಧಿಕಾರಿ ಕಚೇರಿಯಿಂದ ನೋಟಿಸು ಬಂತು: ನೀವು ಭಾರತದ ಪ್ರಜೆ ಅನ್ನೋದಕ್ಕೆ ಆಧಾರವಿಲ್ಲ, ದಾಖಲೆ ಕೊಡದಿದ್ದರೆ ದೇಶದಿಂದ ಹೊರಗೆ ಕಳಿಸಲು ಕ್ರಮ ಕೈಗೊಳ್ಳಲಾಗುವುದು.

ಅಕ್ಕ ನೋಟಿಸು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. “ನನ್ನ ಕಳಿಸ್ಬುಟ್ರೆ ಮಗಳು ಯಾರ ತಾವ ಇರ್ತಾಳಣ್ಣ?” ಅಂದಳು. ಅಷ್ಟೇ ಕೇಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

ಬಂದಿಳಿದ ಸ್ಥಳ

ಮೊದಲು ಆನ್‌ಲೈನ್ ಅರ್ಜಿ ಹೊಸದಾಗಿ ತುಂಬಬೇಕು, ಹಳೇ ಅರ್ಜಿಗಳು ನಡೆಯೋದಿಲ್ಲವಂತೆ. ಹೆಸರು ಆಯಿತು, ವಿಳಾಸ ಆಯಿತು. ಆಮೇಲಿನ ಪ್ರಶ್ನೆ: ಭಾರತಕ್ಕೆ ಬಂದ ದಿನಾಂಕ? ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗೋದಿಲ್ಲ. ಚಾಮರಾಜನಗರಕ್ಕೆ ಫೋನ್ ಮಾಡಿದೆ. ಅಲ್ಲಿ ಈ ಫೈಲು ನೋಡುವ ಒಬ್ಬ ಕೇಸ್ ವರ್ಕರ್ ಇದ್ದಾನೆ. ಆ ಮನುಷ್ಯನಿಗೆ ಜಗತ್ತಿನಲ್ಲಿ ಯಾವುದೂ ಆಶ್ಚರ್ಯವಲ್ಲ, ಊಟದ ಡಬ್ಬಿಯಲ್ಲಿ ಉಪ್ಪಿನಕಾಯಿ ಇಲ್ಲದಿರೋದೊಂದು ಬಿಟ್ಟು.

“ಸಾರ್, ಅವರು ಬಂದಿಲ್ಲ. ಇಲ್ಲೇ ಹುಟ್ಟಿದ್ದು” ಅಂದೆ.

“ಖಾಲಿ ಬಿಡೋ ಹಂಗಿಲ್ಲ ಕಣ್ರೀ. ಏನಾದ್ರೂ ತುಂಬಿ.”

ಸರಿ, ಹುಟ್ಟಿದ ದಿನಾಂಕವನ್ನೇ ಹಾಕಿದೆ. ಬಂದಿಳಿದ ಸ್ಥಳ? ಸರ್ಕಾರಿ ಆಸ್ಪತ್ರೆ, ಹೆರಿಗೆ ವಾರ್ಡು. ಯಾವ ಮಾರ್ಗವಾಗಿ ಬಂದಿರಿ, ಭೂಮಿಯೋ ಸಮುದ್ರವೋ ವಿಮಾನವೋ? ಅಕ್ಕನ ಮುಖ ನೋಡಿದೆ. ಅವಳು ನಗು ತಡೆಯೋದಕ್ಕೆ ಸೀರೆ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದಳು. ನಾನೇ ‘ಭೂಮಿ’ ಅಂತ ಒತ್ತಿದೆ.

ಹತ್ತು ದಿನಕ್ಕೆ ಪ್ರಶ್ನೆ ಬಂತು: ಸದರಿ ದಿನದಂದು ಪ್ರವೇಶಿಸುವಾಗ ತಮ್ಮ ಬಳಿ ವೀಸಾ ಇತ್ತೇ? ಇದ್ದಲ್ಲಿ ಪ್ರತಿ ಲಗತ್ತಿಸಿ.

ಅಕ್ಕ ಅದನ್ನ ಎರಡು ಸಲ ಓದಿದಳು. “ಆವತ್ತು ಮೈ ಮ್ಯಾಲೆ ಬಟ್ಟೇನೇ ಇರ್ನಿಲ್ಲ ಅಂತ ಬರೀರಣ್ಣ. ವೀಸಾ ಎಲ್ಲಿಟ್ಕಳನ?”

ಅಣ್ಣನ ಸರದಿ

ಅಕ್ಕನಿಗೆ ಒಬ್ಬ ಅಣ್ಣ ಇದ್ದಾನೆ, ಲಾರಿ ಓಡಿಸುತ್ತಾನೆ. ಅದೇ ಅಪ್ಪ ಅಮ್ಮ, ಅದೇ ಆಸ್ಪತ್ರೆ, ಹೆರಿಗೆ ಮಾಡಿಸಿದ ನರ್ಸಮ್ಮನೂ ಅವರೇ. ಅವನು ಭಾರತೀಯ, ಪಾಸ್‌ಪೋರ್ಟೂ ಇದೆ. ಇವಳು ವಿದೇಶಿ. ಯಾಕೆ ಅಂದರೆ, ಅವನು ಹುಟ್ಟುವ ತನಕ ಈ ಮಣ್ಣಲ್ಲಿ ಹುಟ್ಟಿದ್ದರೆ ಸಾಕಿತ್ತು. ಅವನು ಹುಟ್ಟಿದ ಮೇಲೆ, ಇವಳು ಹುಟ್ಟುವ ಮುಂಚೆ, ದೆಹಲಿಯವರು ಕಾನೂನು ಬದಲಾಯಿಸಿಬಿಟ್ಟರು. ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಅಂತ ಮಾಡಿದರು. ಗುಂಡ್ಲುಪೇಟೆಯಲ್ಲಿ ಒಬ್ಬ ಬಸುರಿ ಹೆಂಗಸಿಗೆ ಯಾರೂ ಈ ವಿಷಯ ಹೇಳಲಿಲ್ಲ.

ಇದನ್ನೆಲ್ಲ ಕೇಸ್ ವರ್ಕರ್ ಎದುರು ಬಿಡಿಸಿ ಹೇಳಿದೆವು. ಅವನು ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಳ್ಳುತ್ತಾ ಕೇಳಿದ. ಆಮೇಲೆ ತುಂಬ ಕನಿಕರದಿಂದ, “ಒಂದೂವರೆ ವರ್ಷ ಮುಂಚೆ ಹುಟ್ಬುಟ್ಟಿದ್ರೆ ಈ ತಾಪತ್ರಯನೇ ಇರ್ತಿರ್ಲಿಲ್ಲವಲ್ಲಮ್ಮ” ಅಂದ. ತಪ್ಪು ಅವಳದೇ ಅನ್ನೋ ಹಾಗೆ.

“ಏನ್ ಮಾಡದು ಸಾರ್” ಅಂದಳು ಅಕ್ಕ. “ಆಗ ನಮ್ಮಣ್ಣನ ಸರದಿ ಇತ್ತು.”

ಇಲಾಖೆಯ ರಹಸ್ಯ

ಪೊಲೀಸ್ ವಿಚಾರಣೆಗೆ ಒಬ್ಬ ಕಾನ್‌ಸ್ಟೇಬಲ್ ಬಂದ. ಅಕ್ಕನ ಅಂಗಡಿಗೆ ಹೋಗಲಿಲ್ಲ, ನೇರ ನನ್ನ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತ. ಅವನ ಖಾಕಿ ಪ್ಯಾಂಟಿನ ಸೊಂಟವನ್ನ ಮೂರು ವರ್ಷದಲ್ಲಿ ನಾಲ್ಕು ಸಲ ಬಿಚ್ಚಿ ದೊಡ್ಡದು ಮಾಡಿಕೊಟ್ಟವಳು ಅಕ್ಕನೇ.

“ಹೆಂಗಸು ಎಂಗೆ?” ಅಂತ ಗುಟ್ಟಾಗಿ ಕೇಳಿದ.

“ನಿಮಗೇ ಗೊತ್ತಲ್ಲ ಸಾರ್.”

“ನಂಗೊತ್ತಿರದು ಬುಡಿ. ನೀವು ಹೇಳ್ಬೇಕು, ರೂಲ್ಸು. ಯಾರಾದ್ರೂ ಹೊರದೇಶದೋರು ಬಂದೋಗದು? ಅನುಮಾನ ಬರೋ ಅಂಥದ್ದು? ನಮ್ಮ ಇಲಾಖೆ ಗುಟ್ಟು ಏನಾದ್ರೂ ತಿಳ್ಕಂಡಿರದು?”

“ಇಲಾಖೆ ಗುಟ್ಟು ಒಂದೇ ಒಂದು ಗೊತ್ತು ಸಾರ್ ಅವಳಿಗೆ. ನಿಮ್ಮ ಸೊಂಟದ ಅಳತೆ.”

ವರದಿಯಲ್ಲಿ ‘ನಡತೆ ಸಮಾಧಾನಕರ’ ಅಂತ ಬರೆದ. ಐದನೇ ಸಲ ಪ್ಯಾಂಟಿನ ಸೊಂಟ ಬಿಚ್ಚಿಸಿಕೊಂಡು ಹೋದ.

ಮೊದಲು ಅಲ್ಲಿ ಆಗಿ, ಆಮೇಲೆ ಬಿಡಿ

ಆಮೇಲೆ ಕೇಸ್ ವರ್ಕರ್ ಹೊಸದೊಂದು ಕಾಗದ ಕೇಳಿದ. ಶ್ರೀಲಂಕಾದ ಪೌರತ್ವ ಬಿಟ್ಟುಕೊಟ್ಟಿದ್ದೇನೆ ಅಂತ ಅಲ್ಲಿಯವರಿಂದ ಪತ್ರ ತರಬೇಕಂತೆ. ಅವರ ರಾಯಭಾರ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಐದು ತಿಂಗಳಿಗೆ ಉತ್ತರ ಬಂತು, ತುಂಬ ಮರ್ಯಾದೆಯ ಉತ್ತರ: ಈ ಹೆಸರಿನವರು ನಮ್ಮ ಪ್ರಜೆಯಲ್ಲ, ಇವರ ತಂದೆ ತಾಯಿಯೂ ಆಗಿರಲಿಲ್ಲ, ಆದ್ದರಿಂದ ಬಿಟ್ಟುಕೊಡಲು ಏನೂ ಇಲ್ಲ.

ಟೀ ತೋಟದ ಕೂಲಿಗಳನ್ನ ಆ ದೇಶವೂ ತನ್ನವರು ಅಂತ ಒಪ್ಪಿಕೊಂಡಿರಲಿಲ್ಲ. ಅಕ್ಕ ಆ ಪತ್ರ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಆವತ್ತು ಹೊಲಿಗೆ ಮೆಷಿನ್ನು ಮುಟ್ಟಲಿಲ್ಲ.

ಮಾರನೇ ದಿನ ಚಾಮರಾಜನಗರದ ಬಸ್ ಹತ್ತಿ ಇಬ್ಬರೂ ಹೋದೆವು. ಕೇಸ್ ವರ್ಕರ್ ಪತ್ರವನ್ನ ಮೇಲೆ ಕೆಳಗೆ ನೋಡಿದ. “ಇದು ಆಗಲ್ಲ. ಬಿಟ್ಟಿದ್ದೀನಿ ಅಂತ ಇರ್ಬೇಕು. ನೀವೊಂದು ಕೆಲಸ ಮಾಡಿ. ಮೊದಲು ಅಲ್ಲಿ ಪ್ರಜೆ ಆಗಿ. ಆಮೇಲೆ ಬಿಡಿ. ಆಮೇಲೆ ಇಲ್ಲಿಗೆ ಬನ್ನಿ.”

“ಹಂಗಂದ್ರೆ, ವಿಚ್ಛೇದನ ಕೊಡ್ತೀವಿ, ಮೊದಲು ಯಾರನ್ನಾದ್ರೂ ಕಟ್ಕೊಂಡು ಬಾ ಅಂತ ಹೇಳ್ದಂಗಾಯ್ತು ಸಾರ್” ಅಂದಳು ಅಕ್ಕ.

“ಹೂಂ, ಹಂಗೇ” ಅಂದ ಅವನು. ಅರ್ಥವಾಯಿತಲ್ಲ ಅಂತ ಅವನಿಗೆ ಖುಷಿಯೇ ಆಗಿತ್ತು.

ಐದು ಜನ ಸ್ಥಳೀಯರು

ಕೊನೆಗೆ ಒಂದೇ ದಾರಿ ಉಳಿಯಿತು, ಮಹಜರು. ಈ ಊರಿನ ಐದು ಜನ ಸ್ಥಳೀಯರು ‘ಇವರು ಹುಟ್ಟಿದಂದಿನಿಂದ ಇಲ್ಲೇ ಇದ್ದಾರೆ, ನಾವು ಬಲ್ಲೆವು’ ಅಂತ ಬರೆದು ಸಹಿ ಹಾಕಿದರೆ ಫೈಲು ಮೇಲಕ್ಕೆ ಕಳಿಸುತ್ತೇನೆ ಅಂದ ಪುಣ್ಯಾತ್ಮ. ಇಲ್ಲದಿದ್ದರೆ ನೋಟಿಸಿನ ಪ್ರಕಾರ ಕ್ರಮ.

ಐದು ಜನಕ್ಕೇನು ಬರ? ಈರುಳ್ಳಿ ಮಂಡಿ ಯಜಮಾನರು, ಟೀ ಅಂಗಡಿಯವನು, ಬೀಗ ರಿಪೇರಿ ಸಾಬರು, ರಿಟೈರಾದ ಮೇಷ್ಟ್ರು, ಜೊತೆಗೆ ನಾನು. ಐದೂ ಜನ ಸಹಿ ಹಾಕಿ, ಬಾಡಿಗೆ ಜೀಪಿನಲ್ಲಿ ಅಕ್ಕನನ್ನೂ ಕೂರಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಮೇಷ್ಟ್ರು ಅಕ್ಕನಿಗೆ ಧೈರ್ಯ ಹೇಳುತ್ತಿದ್ದರು.

ಕೇಸ್ ವರ್ಕರ್ ಕಾಗದ ನೋಡಿದ, ನಮ್ಮ ಮುಖ ನೋಡಿದ. “ನೀವು ಸ್ಥಳೀಯರು ಅನ್ನೋದಕ್ಕೆ ಏನು ಆಧಾರ?”

ಈ ಮನುಷ್ಯ ಇದನ್ನ ಕೇಳೇ ಕೇಳುತ್ತಾನೆ ಅಂತ ನನಗೆ ಗೊತ್ತಿತ್ತು. ಐದೂ ಜನರ ವಾಸಸ್ಥಳ ಪ್ರಮಾಣಪತ್ರ, ಅದಕ್ಕೆ ಆಧಾರವಾಗಿ ಆಗ ಬರೆಸಿದ್ದ ಮಹಜರಿನ ನಕಲು, ಎಲ್ಲಾ ಪಿನ್ನು ಹೊಡೆದು ತಂದಿದ್ದೆ. ಹೆಮ್ಮೆಯಿಂದ ಮುಂದಿಟ್ಟೆ.

ಅವನು ಮಂಡಿ ಯಜಮಾನರ ಮಹಜರು ಓದಿದ, ಟೀ ಅಂಗಡಿಯವನದು ಓದಿದ, ಸಾಬರದು ಓದಿದ. ಹುಬ್ಬು ಗಂಟಿಕ್ಕಿತು. “ಎಲ್ಲದರಲ್ಲೂ ಮೊದಲನೇ ಸಹಿ ಒಬ್ಬರದೇ ಇದೆಯಲ್ಲ. ಯಾರಿದು?”

ಆಗ ನನಗೆ ನೆನಪಾಯಿತು. ನಮ್ಮ ಬೀದಿಯಲ್ಲಿ ಯಾರ ಮಹಜರು ಇದ್ದರೂ ಗ್ರಾಮ ಲೆಕ್ಕಿಗ ಬರೋದು ನನ್ನ ಅಂಗಡಿಗೆ. ಸಾಕ್ಷಿಗೆ ಯಾರು ಸಿಗುತ್ತಾರೆ ಅಂತ ಅತ್ತಿತ್ತ ನೋಡುತ್ತಾನೆ. ಯಾವಾಗಲೂ ಅಂಗಡಿಯಲ್ಲೇ ಕೂತಿರುವವಳು, ಕನ್ನಡ ಅಕ್ಷರವನ್ನ ಹೆಸರು ಗೊತ್ತಾಗದಷ್ಟು ಮುದ್ದಾಗಿ ಸುತ್ತಿ ಸಹಿ ಹಾಕುವವಳು ಟೈಲರಕ್ಕ ಒಬ್ಬಳೇ. ಕರೆದರೆ ಕತ್ತರಿ ಕೆಳಗಿಟ್ಟು ಬಂದು ಸಹಿ ಹಾಕಿ ಹೋಗುತ್ತಿದ್ದಳು. ಮೇಷ್ಟ್ರು ಹುಟ್ಟಿದಂದಿನಿಂದ ಇಲ್ಲೇ ಇರುವುದನ್ನು ಬಲ್ಲೆ ಅಂತಲೂ ಸಹಿ ಹಾಕಿದ್ದಾಳೆ. ಮೇಷ್ಟ್ರು ಹುಟ್ಟಿದಾಗ ಅಕ್ಕನ ಅಮ್ಮನೇ ಹುಟ್ಟಿರಲಿಲ್ಲ. ನನ್ನದಕ್ಕೂ ಹಾಕಿದ್ದಾಳೆ. ನಾನೋ, ಇಪ್ಪತ್ತನೇ ವಯಸ್ಸಿಗೆ ಉಮ್ಮತ್ತೂರಿನಿಂದ ಬಸ್ ಹತ್ತಿ ಬಂದವನು.

“ಯಾರಿದು ಅಂತ ಕೇಳಿದೆ” ಅಂದ ಕೇಸ್ ವರ್ಕರ್. “ಇಷ್ಟು ಜನರನ್ನ ಬಲ್ಲವರು ಅಂದ್ರೆ ಹಳೇ ಮನೆತನದವರೇ ಇರ್ಬೇಕು. ಅವರನ್ನೇ ಕರ್ಕಂಡು ಬಂದು ಈಯಮ್ಮಂಗೆ ಒಂದು ಸಹಿ ಹಾಕಿಸಿ. ಇವತ್ತೇ ಫೈಲು ಕಳಿಸ್ಬುಡ್ತೀನಿ.”

ಅಕ್ಕ ಎದ್ದು ನಿಂತಳು. “ನಾನೇ ಸಾರ್ ಅದು.”

ಕೇಸ್ ವರ್ಕರ್ ಅಕ್ಕನ ಅರ್ಜಿಯ ಸಹಿಯನ್ನ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೋಲಿಸಿ ನೋಡಿದ. ಆಮೇಲೆ ಬೀರು ತೆಗೆದು ಹೊಸ ಫೈಲು ಹೊರಗೆ ತೆಗೆದ. ಒಂದಲ್ಲ, ಐದು. “ವಿದೇಶಿಯರು ಹಾಕಿದ ಸಹಿ ನಡೆಯಲ್ಲ. ಅಂದ್ಮೇಲೆ ನೀವೂ ಸ್ಥಳೀಯರು ಅನ್ನೋದಕ್ಕೆ ಆಧಾರ ಇಲ್ಲ. ನಿಮ್ಮ ಐದೂ ಜನಕ್ಕೆ ನೋಟಿಸು ಬರ್ತದೆ. ಉತ್ತರ ಕೊಡಿ. ಅಲ್ಲೀವರೆಗೂ ಈಯಮ್ಮನ ಫೈಲು ಇಲ್ಲೇ ಇರ್ತದೆ, ದೇಶದಿಂದ ಹೊರಗೆ ಕಳಿಸೋ ಕ್ರಮಾನೂ ಇಲ್ಲ.”

ಹೊರಗೆ ಬಂದೆವು. ಮೇಷ್ಟ್ರು ಬೇವಿನ ಮರ ಹಿಡಿದುಕೊಂಡು ನಿಂತರು. ಊರವರ ಅರ್ಜಿಯೆಲ್ಲ ಬರೆದುಕೊಟ್ಟವನು, ನನ್ನದನ್ನ ಎಲ್ಲಿಂದ ಶುರು ಮಾಡಲಿ ಅಂತ ಹೊಳೆಯಲಿಲ್ಲ. ಅಕ್ಕ ಟೀ ಹೇಳಿ, ನನ್ನ ಕೈಗೆ ಲೋಟ ಕೊಟ್ಟಳು.

“ಎದರ್ಕಬೇಡಿ ಬುಡಣ್ಣ” ಅಂದಳು. “ಮೊದಲ್ನೇ ಇಪ್ಪತ್ತು ವರ್ಷ ಕಷ್ಟ ಆಯ್ತದೆ. ಆಮೇಲೆ ಅಭ್ಯಾಸ ಆಗೋಯ್ತದೆ.”