ಬಾಲದ ಕೂದಲು ಓದಿ ಭವಿಷ್ಯ ಹೇಳುವ ತಳಿಮತಿಯವರಿಗೆ

ಮಾನ್ಯ ತಳಿಮತಿ ಯಂತ್ರದವರೇ,

ಅಜ್ಜಂಪುರ ತಾಲ್ಲೂಕಿನಲ್ಲಿ, ಶಿವನಿ ರೈಲು ನಿಲ್ದಾಣದಿಂದ ಮೂರು ಮೈಲಿ ಒಳಗಿರುವ ನಮ್ಮ ಊರಿನ ಹಸುಗಳ ಪರವಾಗಿ, ಅವುಗಳನ್ನು ಕಟ್ಟಿಕೊಂಡವರ ಪರವಾಗಿ ಮತ್ತು ಸ್ವಂತ ಪರವಾಗಿ, ನಿವೃತ್ತ ಪಶುವೈದ್ಯಕೀಯ ಪರೀಕ್ಷಕನಾದ ರುದ್ರಮೂರ್ತಿ ಮಾಡುವ ಅನಂತ ನಮಸ್ಕಾರಗಳು. ತಮಗೆ ಪಾದಗಳಿವೆಯೋ ಇಲ್ಲವೋ ತಿಳಿಯದ ಕಾರಣ, ಈ ನಮಸ್ಕಾರವನ್ನು ತಾವು ಎಲ್ಲಿ ಸ್ವೀಕರಿಸುವ ರೂಢಿಯೋ ಅಲ್ಲಿಯೇ ಸ್ವೀಕರಿಸಬೇಕಾಗಿ ಕೋರುತ್ತೇನೆ.

ತಾವು ಹುಟ್ಟುವ ಮೊದಲು ನಮ್ಮ ಕಡೆ ಎ.ಐ. ಎಂದರೆ ನಾನೇ ಆಗಿದ್ದೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸಕ್ಕೆ ಇಲಾಖೆಯಲ್ಲಿ ಇಂಗ್ಲಿಷಿನ ಆ ಎರಡಕ್ಷರದ ಹೆಸರಿತ್ತು. ಮೊದಲು ಸೈಕಲ್ಲಿಗೆ, ಆಮೇಲೆ ಲೂನಾಕ್ಕೆ ಹೋರಿಯ ವೀರ್ಯದ ಕಡ್ಡಿಗಳಿದ್ದ ನೈಟ್ರೋಜನ್ ಕ್ಯಾನು ಕಟ್ಟಿಕೊಂಡು ಮೂವತ್ತೆರಡು ವರ್ಷ ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಕೊಟ್ಟಿಗೆಗಳನ್ನು ಸುತ್ತಿದ ನನ್ನನ್ನು ಜನ 'ಎ.ಐ. ರುದ್ರಮೂರ್ತಿ' ಎಂದೇ ಕರೆಯುತ್ತಿದ್ದರು. ಹೀಗಾಗಿ ಹಸುವಿನ ಜೀನು ಓದುವ ವಿದ್ಯೆಯನ್ನೂ ಮನುಷ್ಯನಂತೆ ಯೋಚಿಸುವ ವಿದ್ಯೆಯನ್ನೂ ಒಂದೇ ಹೊಟ್ಟೆಯಲ್ಲಿಟ್ಟುಕೊಂಡು ಅದೇ ಎರಡಕ್ಷರದ ಹೆಸರಿನಲ್ಲಿ ತಾವು ನಮ್ಮೂರಿಗೆ ಆಗಮಿಸುತ್ತೀರೆಂದು ತಿಳಿದಾಗ, ದೂರದ ನೆಂಟರು ಬಂದಷ್ಟು ಸಂತೋಷಪಟ್ಟವನು ನಾನು. ತಮ್ಮ ಕಂಪನಿಯವರು ಸ್ಥಳೀಯ ಸಂಚಾಲಕರಾಗಿರಿ ಎಂದು ಕೇಳಿದಾಗ ಎರಡನೆಯ ಮಾತಾಡಲಿಲ್ಲ. ತಮ್ಮ ಹೆಸರಿದ್ದ ಹಸಿರು ಟೀ ಶರ್ಟನ್ನು ಹಾಕಿಕೊಂಡು ಮನೆ ಮನೆಗೆ ಹೋದೆ.

ಶ್ರಾವಣದಲ್ಲಿ ಡೇರಿಯ ಮುಂದೆ ಶಿಬಿರ ನಡೆಯಿತು. ತಮ್ಮ ಕ್ಷೇತ್ರಾಧಿಕಾರಿ ಅಭಿಲಾಷ್ ಅವರು ಪ್ರತಿ ಹಸುವಿನ ಮೂಗಿನ ಫೋಟೋ ತೆಗೆದರು, ನಾನು ಬಾಲದ ಕುಚ್ಚಿನಿಂದ ಬೇರುಸಹಿತ ಹತ್ತು ಕೂದಲು ಕಿತ್ತು ಲಕೋಟೆಗೆ ಹಾಕಿದೆ. ಹದಿನೈದು ದಿನಗಳಲ್ಲಿ ತಾವು ಆ ಕೂದಲುಗಳಲ್ಲಿದ್ದ ಜೀನುಗಳನ್ನೆಲ್ಲ ಓದಿ, ಯಾವ ಹಸು ಎಷ್ಟು ಹಾಲು ಕೊಟ್ಟೀತು, ಎಷ್ಟು ಸೂಲು ಕಂಡೀತು, ಯಾವ ಕಾಯಿಲೆಗೆ ಬಿದ್ದೀತು ಎಂಬುದನ್ನು ಲೆಕ್ಕ ಹಾಕಿ, ನೂರಕ್ಕೆ ಇಷ್ಟು ಎಂದು ಒಂದೊಂದಕ್ಕೂ ಅಂಕ ಕೊಟ್ಟು ಮೊಬೈಲಿಗೆ ಕಳಿಸಿದಿರಿ. ಹಾಲಿನ ಸಂಘದ ಅಧ್ಯಕ್ಷರಾದ ತಮ್ಮಯ್ಯನವರ ಸೀಮೆಹಸುವಿಗೆ ಎಂಬತ್ತೆಂಟು ಬಂದದ್ದರಿಂದ ತಮ್ಮ ವಿಜ್ಞಾನದಲ್ಲಿ ಅವರಿಗೆ ಅಂದೇ ಪೂರ್ಣ ವಿಶ್ವಾಸ ಹುಟ್ಟಿತು. ಮೂವತ್ತಕ್ಕಿಂತ ಕಡಿಮೆ ಬಂದ ಹಸುಗಳ ಹೆಸರಿನ ಮುಂದೆ ತಾವು ಕೆಂಪು ಚುಕ್ಕೆ ಇಟ್ಟು 'ವಿಲೇವಾರಿ ಸೂಕ್ತ' ಎಂದು ಬರೆದಿದ್ದಿರಿ. ಮರುದಿನವೇ ಸಂಘದವರು, ಕೆಂಪು ಚುಕ್ಕೆಯ ಹಸುಗಳಿಗೆ ಮುಂದೆ ರಿಯಾಯಿತಿ ಪಶು ಆಹಾರವೂ ಇಲ್ಲ, ವಿಮೆಯೂ ಇಲ್ಲ ಎಂದು ಠರಾವು ಮಾಡಿದರು.

ಕೆಂಪು ಚುಕ್ಕೆ ಬಿದ್ದದ್ದು ಹದಿಮೂರು ಹಸುಗಳಿಗೆ. ಅವುಗಳಲ್ಲಿ ಎರಡರ ವಿಷಯ ಮಾತ್ರ ತಮ್ಮ ಅವಗಾಹನೆಗೆ ತರುತ್ತೇನೆ.

ಮೊದಲನೆಯದು ಮುದ್ದಪ್ಪನ ಬೆಳ್ಳಿ. ಮುದ್ದಪ್ಪ ಅರವತ್ತು ದಾಟಿದ ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡ ವರ್ಷ ಹುಟ್ಟಿದ ಕರುವನ್ನು ಕೈಯಾರೆ ಸಾಕಿ ದೊಡ್ಡದು ಮಾಡಿದ್ದ, ಅದೇ ಬೆಳ್ಳಿ. ಒಂದು ಸೂಲಾಗಿತ್ತು, ಹಾಲು ಸುಮಾರು. ತಾವು ಕೊಟ್ಟದ್ದು ಹತ್ತೊಂಬತ್ತು. ಅವನು ನನ್ನ ಜಗಲಿಗೆ ಬಂದು ಕೇಳಿದ, "ಸಾ, ಅದು ಹೇಳಿದ್ದು ನಿಜಾನಾ? ಮುಂದ್ಕೆ ಹಾಲೇ ಕೊಡಲ್ವಂತಾ?"

"ಅದರ ರಕ್ತದಲ್ಲೇ ಇಲ್ಲ ಮುದ್ದಪ್ಪ. ಹೊತ್ತಾದಷ್ಟೂ ನಿನಗೇ ಕಷ್ಟ. ಒಳ್ಳೆ ಕೈ ಸಿಕ್ಕಿದರೆ ಕೊಟ್ಟುಬಿಡು" ಎಂದವನು ನಾನು.

ಅವನು, "ನೀವೇ ಹೇಳಿದ್ಮೇಲೆ ಆಯ್ತು" ಎಂದು ಎದ್ದು ಹೋದ. ಗಮನಿಸಬೇಕು, ಅವನು ನಂಬಿದ್ದು ತಮ್ಮನ್ನಲ್ಲ. ಅವನ ಬೆಳ್ಳಿಯ ತಾಯಿಗೆ ಎರಡು ಸಲ ಹೆರಿಗೆ ಮಾಡಿಸಿದ ನನ್ನನ್ನು. ಮುಂದಿನ ವಾರ ಬೆಳ್ಳಿ ಕಡೂರಿನ ದನದ ಸಂತೆಯಲ್ಲಿ ಕೈ ಬದಲಾಯಿತು.

ಎರಡನೆಯದು ಭಾಗಮ್ಮನವರ ಕೆಂದಿ. ಭಾಗಮ್ಮ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವ ಹೆಂಗಸು, ಮಿಕ್ಕದ್ದನ್ನು ನಮ್ಮ ಮನೆಗೂ ತಂದುಕೊಡುತ್ತಾರೆ. ಕೆಂದಿಯ ಅಂಕ ಇಪ್ಪತ್ತೆರಡು. ನಾನು ಇವರಿಗೂ ಅದೇ ಉಪದೇಶ ಮಾಡಲು ಹೋದೆ. ಅವರು ಹಾಲು ಕರೆಯುತ್ತಿದ್ದವರು ತಲೆಯೆತ್ತದೆ ಕೇಳಿಸಿಕೊಂಡು, ತುಂಬಿದ ತಂಬಿಗೆಯನ್ನು ನನ್ನ ಮುಂದೆ ಇಟ್ಟರು.

"ಇದು ಏನ್ ಸಾ?"

"ಹಾಲು."

"ಹಂಗಾರೆ ಕೆಂದಿಗೆ ಮೊಬೈಲ್ ಓದಕ್ ಬರಲ್ಲ. ತನ್ಗೆ ಇಪ್ಪತ್ತೆರಡು ಬಂದಿರೋದು ಅದುಕ್ಕೆ ಗೊತ್ತಿಲ್ಲ."

ವಿಜ್ಞಾನ ಹಾಗಲ್ಲವೆಂದು ನಾನು ಬಹಳ ಹೊತ್ತು ವಿವರಿಸಿದೆ. ಕೊನೆಗೆ ಅವರು, ತಮ್ಮ ಕಂಪನಿಯ ನಿಯಮದಲ್ಲಿ ಒಂದು ಸಲ ಮರುಪರೀಕ್ಷೆಗೆ ಅವಕಾಶವಿದೆಯೆಂದು ಎಲ್ಲಿಂದಲೋ ತಿಳಿದುಕೊಂಡು ಅದನ್ನು ಕೇಳಿದರು. ಆದರೆ ಮೊದಲ ಸಲ ಕೂದಲು ಕೀಳಿಸಿಕೊಂಡ ಕೋಪ ಕೆಂದಿಗೆ ಇಳಿದಿರಲಿಲ್ಲ. ನಾನು ಬಾಲಕ್ಕೆ ಕೈ ಹಾಕಿದ್ದೇ ತಡ ಮೊಣಕಾಲಿಗೆ ಒದ್ದಿತು. ಲಕೋಟೆಯನ್ನು ಭಾಗಮ್ಮನವರ ಕೈಗೇ ಕೊಟ್ಟು, "ಅದು ಸಮಾಧಾನವಾದಾಗ ನೀವೇ ಕಿತ್ತು ಹಾಕಿಕೊಡಿ" ಎಂದು ಹೇಳಿ ಕುಂಟುತ್ತ ಮನೆಗೆ ಬಂದೆ. ಮರುದಿನ ಅಂಟಿಸಿದ ಲಕೋಟೆ ಬಂತು, ನಾನು ತಮಗೆ ಕಳಿಸಿದೆ.

ತಮ್ಮ ಎರಡನೆಯ ವರದಿ ಕಾರ್ತಿಕದ ಒಂದು ಬೆಳಿಗ್ಗೆ, ಡೇರಿಯಲ್ಲಿ ಎಲ್ಲರೂ ಕ್ಯಾನು ಹಿಡಿದು ಸಾಲುಗಟ್ಟಿದ್ದಾಗ ಬಂತು. ಅಂಕ ಅರವತ್ತೊಂದು, ಹಸಿರು ಚುಕ್ಕೆ. ನಾನು ಅಭಿಮಾನದಿಂದ ಗಟ್ಟಿಯಾಗಿ ಓದಿದೆ: ದಿನಕ್ಕೆ ಒಂಬತ್ತು ಲೀಟರ್ ಹಾಲಿನ ನಿರೀಕ್ಷೆ, ಶಾಂತ ಸ್ವಭಾವ, ಗಟ್ಟಿ ಗೊರಸು, ಕೆಚ್ಚಲಿನ ಆಕಾರ ಉತ್ತಮ, ಮುಂದಿನ ಸೂಲಿಗೆ ಹೆಣ್ಣುಗರುವೇ ಹುಟ್ಟುವ ಕಡ್ಡಿ ಹಾಕಿಸಲು ಶಿಫಾರಸು ಮಾಡಲಾಗಿದೆ.

"ನೋಡಿದಿರಾ ಭಾಗಮ್ಮ, ಮೊದಲ ಸಲ ಏನೋ ಎಡವಟ್ಟಾಗಿತ್ತು. ಯಂತ್ರ ತಪ್ಪನ್ನು ತಾನೇ ತಿದ್ದಿಕೊಂಡಿತು" ಎಂದೆ.

"ಅದು ಕೆಂದಿ ಕೂದ್ಲಲ್ಲ ಸಾ" ಎಂದರು ಭಾಗಮ್ಮ. "ನಿಮ್ದು."

ಸಾಲಿನಲ್ಲಿ ಒಂದು ಕ್ಯಾನಿನ ಮುಚ್ಚಳ ಕೆಳಗೆ ಬಿತ್ತು.

"ನಿಮ್ಮನೆ ಕಿಟಕೀಲಿ ಬಾಚಣಿಗೆ ಇತ್ತು. ಕದ್ದಿಲ್ಲ, ಮಲ್ಲಿಕಾಂಬಕ್ಕನ್ನ ಕೇಳೇ ತಗಂಡಿದ್ದು."

ಮಲ್ಲಿಕಾಂಬ ನನ್ನ ಹೆಂಡತಿ. ಮದುವೆಯಾಗಿ ಮೂವತ್ತೈದು ವರ್ಷವಾದರೂ ಅವಳು ನನ್ನಲ್ಲಿ ಕಾಣದ ಶಾಂತ ಸ್ವಭಾವವನ್ನು ತಾವು ಹದಿನೈದೇ ದಿನದಲ್ಲಿ ಕಂಡುಹಿಡಿದಿರಿ, ಅದಕ್ಕೆ ನಾನು ಚಿರಋಣಿ. ನಿವೃತ್ತಿಯ ಪತ್ರದಲ್ಲಿ ಇಲಾಖೆಯವರು ನನ್ನ ಬಗ್ಗೆ ಬರೆದದ್ದು ಎರಡೇ ಸಾಲು, ಗೊರಸಿನ ಪ್ರಸ್ತಾಪವೇ ಇರಲಿಲ್ಲ. ಆದರೆ ಒಂಬತ್ತು ಲೀಟರಿನ ವಿಷಯದಲ್ಲಿ ತಮ್ಮ ನಿರೀಕ್ಷೆಯನ್ನು ಈಡೇರಿಸಲು ಈ ತನಕ ಸಾಧ್ಯವಾಗಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ. ಹುಲ್ಲಿನಲ್ಲಿ ಏನಾದರೂ ಬದಲಾವಣೆ ಬೇಕಿದ್ದರೆ ದಯಮಾಡಿ ಸೂಚಿಸಿರಿ. ಅಂತೆಯೇ ನಾನು ಬೆದೆಗೆ ಬರುವ ದಿನಾಂಕವೆಂದು ಪ್ರತಿ ತಿಂಗಳೂ ತಾವು ಮೊಬೈಲಿಗೆ ಕಳಿಸುವ ಸಂದೇಶವನ್ನು ಮರುಪರೀಕ್ಷೆಯ ಅರ್ಜಿಯಲ್ಲಿ ಎರಡನೆಯ ನಂಬರೆಂದು ನಾನೇ ಬರೆದಿದ್ದ ಮಲ್ಲಿಕಾಂಬಳ ನಂಬರಿಗೆ ಕಳಿಸದೆ ನನ್ನ ನಂಬರಿಗೇ ಕಳಿಸಿದರೆ ಮನೆಯಲ್ಲಿ ನೆಮ್ಮದಿಯಿರುತ್ತದೆ.

ಆ ದಿನವೇ ಅಭಿಲಾಷ್ ಅವರನ್ನು ತರೀಕೆರೆಯಿಂದ ಡೇರಿಗೆ ಕರೆಸಿದೆವು. ಅವರು ಟ್ಯಾಬನ್ನು ಬಹಳ ಹೊತ್ತು ಉಜ್ಜಿ, ಬೆವರು ಒರೆಸಿಕೊಂಡು ಹೇಳಿದ್ದು ಇಷ್ಟು: ಕೂದಲಿನಲ್ಲಿ ಓದಲಾಗದ ಜಾಗಗಳು ಸಿಕ್ಕಾಗ ಯಂತ್ರ ನಿಲ್ಲುವುದಿಲ್ಲ, ಆಸುಪಾಸಿನ ಹಸುಗಳನ್ನು ನೋಡಿಕೊಂಡು ಆ ಜಾಗಗಳನ್ನು ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ.

"ನನ್ನ ಕೂದಲಿನಲ್ಲಿ ಎಷ್ಟು ಜಾಗ ತುಂಬಿಕೊಂಡಿದೆ?" ಎಂದು ಕೇಳಿದೆ.

"ಹೆಚ್ಚುಕಡಿಮೆ ಎಲ್ಲಾನೂ ಸರ್."

ಜನ ನಕ್ಕರು, ನಾನೂ ನಕ್ಕೆ. ಆಗ ಹಿಂದೆ ನಿಂತಿದ್ದ ಮುದ್ದಪ್ಪ ಮುಂದೆ ಬಂದ. ಡೇರಿಗೆ ಹಾಕಲು ಹಾಲಿಲ್ಲದಿದ್ದರೂ ಅವನು ಅಭ್ಯಾಸಬಲದಿಂದ ದಿನಾ ಅಲ್ಲಿಗೆ ಬಂದು ನಿಲ್ಲುತ್ತಿದ್ದ.

"ಸ್ವಾಮಿ, ನಮ್ ಬೆಳ್ಳೀದು ಎಷ್ಟು ತುಂಬ್ಕಂಡಿತ್ತು?"

ಅಭಿಲಾಷ್ ಟ್ಯಾಬ್ ನೋಡಿದರು. "ಅದು ವರದಿಯಲ್ಲಿ ಬರಲ್ಲ ಯಜಮಾನ್ರೇ."

"ಜಾಸ್ತೀನಾ ಕಮ್ಮೀನಾ, ಅಷ್ಟೇ ಹೇಳಿ."

ಅವರು ಟ್ಯಾಬನ್ನು ಚೀಲಕ್ಕೆ ಹಾಕಿದರು. ಮುದ್ದಪ್ಪ ನನ್ನ ಕಡೆ ತಿರುಗಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ನೀವ್ ಏನ್ ಮಾಡ್ತೀರ ಬಿಡಿ ಸಾ" ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಹಸಿರು ಟೀ ಶರ್ಟನ್ನು ಒಗೆದು ಮಡಿಸಿ ಅಭಿಲಾಷ್ ಅವರ ಕೈಗೆ ಕೊಟ್ಟೆ. ಆಮೇಲೆ ನಾನೂ ಮುದ್ದಪ್ಪನೂ ಬಸ್ಸು ಹಿಡಿದು ಕಡೂರು, ತರೀಕೆರೆ, ಬೀರೂರು ಅಲೆದೆವು. ಬೆಳ್ಳಿಯನ್ನು ಕೊಂಡ ದಲ್ಲಾಳಿಯನ್ನು ಮೂರನೆಯ ಸಲಕ್ಕೆ ಹಿಡಿದೆವು. "ಆ ದಿನ ಲಾರಿ ತುಂಬ ಹೋಯ್ತು ಕಣ್ರೀ, ಯಾವ್ದು ಎಲ್ಲಿ ಇಳೀತೋ ನಂಗೇನ್ ಗೊತ್ತು" ಎಂದ. ಮುದ್ದಪ್ಪ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತಿದ್ದ, ರಸ್ತೆಯ ಪಕ್ಕ ಬಿಳಿ ಹಸು ಕಂಡಾಗಲೆಲ್ಲ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಊರಿನಲ್ಲಿ ಈಗಲೂ ಬೆಳಿಗ್ಗೆ ಕಲಗಚ್ಚಿನ ಬಕೆಟ್ಟು ಹಿಡಿದು ಕೊಟ್ಟಿಗೆಯ ತನಕ ಹೋಗಿ, ಬಾಗಿಲಲ್ಲಿ ನೆನಪಾಗಿ, ವಾಪಸ್ಸು ಬರುತ್ತಾನೆ.

ಬೆಳ್ಳಿಯ ವಿಷಯವಾಗಿ ತಮ್ಮ ಸಹಾಯವಾಣಿಗೂ ಬರೆದೆ. 'ಈ ಪ್ರಾಣಿಯ ಕಡತ ಮುಕ್ತಾಯಗೊಂಡಿದೆ. ತಮಗೆ ಇನ್ನೇನಾದರೂ ಸಹಾಯ ಬೇಕೆ?' ಎಂಬ ಉತ್ತರ ಎರಡು ಸೆಕೆಂಡಿನಲ್ಲಿ, ಒಂದು ಕಾಗುಣಿತದ ತಪ್ಪೂ ಇಲ್ಲದೆ ಬಂತು. ಸರ್ಕಾರಿ ಕಚೇರಿಯಲ್ಲಿ ಇಷ್ಟು ಬೇಗ 'ಇಲ್ಲ' ಎನ್ನಿಸಿಕೊಂಡ ಅನುಭವ ನನಗಿಲ್ಲ, ಈ ವೇಗವನ್ನು ಮೆಚ್ಚಲೇಬೇಕು.

ಕೆಂದಿಯ ವಿಷಯಕ್ಕೆ ಬಂದರೆ, ತಮ್ಮ ಕಡತದಲ್ಲಿ ಅದರ ಹೆಸರಿಗೆ ಅರವತ್ತೊಂದು ಅಂಕ ಹಾಗೆಯೇ ಉಳಿದಿದೆ. ಒಮ್ಮೆ ಬಿದ್ದ ಅಂಕವನ್ನು ತೆಗೆಯುವ ಗುಂಡಿ ಅಭಿಲಾಷ್ ಅವರಿಗೂ ಸಿಗಲಿಲ್ಲ. ಆದ್ದರಿಂದ ಕೆಂದಿ ಈಗ ನನ್ನ ಕೂದಲಿನ ಕೃಪೆಯಿಂದ ರಿಯಾಯಿತಿ ಹಿಂಡಿ ತಿಂದುಕೊಂಡು ಮೊದಲಿನಷ್ಟೇ ಹಾಲು ಕೊಡುತ್ತಿದೆ. ಠರಾವನ್ನು ರದ್ದು ಮಾಡಿ ಎಂದರೆ ತಮ್ಮಯ್ಯನವರು ಮುಂದಿನ ಸಭೆಯಲ್ಲಿ ನೋಡೋಣ ಎನ್ನುತ್ತಾರೆ, ಆ ಸಭೆ ಇನ್ನೂ ಸೇರಿಲ್ಲ. ಅಷ್ಟರಲ್ಲಿ ಕೆಂಪು ಚುಕ್ಕೆಯ ಮಿಕ್ಕ ಹನ್ನೊಂದು ಹಸುಗಳ ಯಜಮಾನರು ಲಕೋಟೆ ಹಿಡಿದು ನಮ್ಮ ಮನೆಯ ಮುಂದೆ ಬರತೊಡಗಿದ್ದಾರೆ. ನನ್ನ ತಲೆಯಲ್ಲಿ ಉಳಿದಿರುವುದು ಅಷ್ಟು ಜನಕ್ಕೆ ಸಾಲುವುದಿಲ್ಲ. ಮರುಪರೀಕ್ಷೆಗೆ ಹತ್ತರ ಬದಲು ಐದು ಕೂದಲಿಗೆ ತಾವು ಒಪ್ಪಿಕೊಂಡರೆ ಉಪಕಾರವಾಗುತ್ತದೆ.

ಕೊನೆಯದಾಗಿ ಒಂದೇ ಕೋರಿಕೆ. ಲಕ್ಷ ಹಸುಗಳ ನಡುವೆ ಮೂಗಿನ ಅಚ್ಚು ನೋಡಿ ಒಂದನ್ನು ಗುರುತಿಸಬಲ್ಲಿರೆಂದು ತಮ್ಮ ಕರಪತ್ರದಲ್ಲಿದೆ. ಬೆಳ್ಳಿಯ ಮೂಗು ತಮ್ಮ ಬಳಿಯಿದೆ. ಅದು ಎಲ್ಲಿದೆಯೆಂದು ಹುಡುಕಿ ಹೇಳಿರಿ. ಅಂಕ ಬೇಡ, ಹಾಲಿನ ಲೆಕ್ಕ ಬೇಡ, ಊರಿನ ಹೆಸರು ಸಾಕು, ಬಸ್ಸು ನಾವು ಹುಡುಕಿಕೊಳ್ಳುತ್ತೇವೆ. ತಮ್ಮಿಂದ ಆಗದಿದ್ದರೆ, ಅದನ್ನು ಮಾರು ಎಂದ ಬಾಯಿ ನನ್ನದು, ಆ ಬಾಯಿಯಿಂದ ಮುದ್ದಪ್ಪನಿಗೆ ಈಗ ಏನು ಹೇಳಬೇಕೆಂದಾದರೂ ತಿಳಿಸಿರಿ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅದೊಂದನ್ನು ನನಗೆ ಯಾರೂ ಕಲಿಸಲಿಲ್ಲ.

ಒಮ್ಮೆ ತಮ್ಮನ್ನು ಪೂರ್ತಿ ನಂಬಿ, ಈಗ ಆ ಪೂರ್ತಿಯನ್ನು ಮಾತ್ರ ಕೈಬಿಟ್ಟಿರುವ
ತಮ್ಮ ವಿಶ್ವಾಸಿ,
ರುದ್ರಮೂರ್ತಿ

ಮರೆತ ಮಾತು: ಈ ಪತ್ರಕ್ಕೆ ಭಾಗಮ್ಮನವರ ಸಹಿಯನ್ನೂ ಕೇಳಿದ್ದೆ. "ಅದು ಜನ ಬರ್ದಿದ್ದೆಲ್ಲ ಓದ್ಕಂಡೇ ಕಲೀತದಂತೆ. ನಮ್ ಬುದ್ದೀನೂ ಯಾಕ್ ಕೊಡ್ತೀರ ಸಾ" ಎಂದು ಅವರು ಒಪ್ಪಲಿಲ್ಲ. ಪಕ್ಕದಲ್ಲಿದ್ದ ಮುದ್ದಪ್ಪ, "ಕಲೀಲಿ ಬಿಡು ಭಾಗಕ್ಕ. 'ನಂಗೊತ್ತಿಲ್ಲ' ಅಂತ ಒಂದ್ ಮಾತು ಕಲುತ್ರೆ ಸಾಕು" ಎಂದು ಕೆಳಗೆ ಹೆಬ್ಬೆಟ್ಟು ಒತ್ತಿದ್ದಾನೆ. ದಯವಿಟ್ಟು ಅದಕ್ಕೆ ಅಂಕ ಕೊಡಬೇಡಿ.