ಹಂಡಿಯವರ ತಲೆಬಾಗಿಲ ಮಹಾಸಮರ

ಎಲೈ ಕಾಲವೇ, ಸಾಮ್ರಾಜ್ಯಗಳನ್ನು ಮಣ್ಣುಗೂಡಿಸಿ ಕೋಟೆಕೊತ್ತಲಗಳ ಮೇಲೆ ಆಡು ಮೇಯಿಸಿದ ಮಹಾನುಭಾವನೇ, ಬಾದಾಮಿ ಸೀಮೆಯ ಹಾಲಬಂಡಿ ಗ್ರಾಮದ ಎರಡಂಕಣದ ಕೆಂಪುಗಲ್ಲಿನ ಮನೆಯೊಂದನ್ನು ನೂರಿಪ್ಪತ್ತು ವರ್ಷ ಮುಟ್ಟದೆ ಬಿಟ್ಟೆಯಲ್ಲ, ನಿನಗೆ ಮೊದಲ ವಂದನೆ. ಎಲೌ ವಾಗ್ದೇವಿಯೇ, ಆ ಮನೆಯ ಒಡೆಯನೂ, ನಿವೃತ್ತ-ಬಸ್ಸುನಿರ್ವಾಹಕ-ಕುಲತಿಲಕನೂ, ಸೀಟಿಧ್ವನಿ-ಕಂಪಿತ-ದಿಗಂತನೂ, ದೊಡ್ಡಾಟದಲ್ಲಿ ಮೂರು ಸಲ ಭೀಮನಾಗಿ ಕುಣಿದು ರಂಗದ ಹಲಗೆ ಮುರಿದವನೂ ಆದ ಶ್ರೀಮನ್ಮಹಾರುದ್ರಪ್ಪ ಹಂಡಿಯು ಯುಗಾದಿ ಕಳೆದ ನಾಲ್ಕನೆಯ ದಿನ ತನ್ನ ತಲೆಬಾಗಿಲ ಸುಣ್ಣ ಕೆರೆದ ಘನಕಾರ್ಯವನ್ನು ಹೇಳಹೊರಟಿದ್ದೇನೆ. ಸ್ವಲ್ಪ ಹೊತ್ತು ನನ್ನ ನಾಲಿಗೆಯ ಮೇಲೆ ಕೂತಿರು. ಕೆಲಸ ಬೇಗ ಮುಗಿಯುತ್ತದೆ.

ಮನೆ ಅಂಥ ದೊಡ್ಡದೇನಲ್ಲ. ಆದರೆ ಅದರ ತಲೆಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ಏನೋ ಕೆತ್ತಿದೆ ಎಂಬುದು ಊರಿಗೆಲ್ಲ ಗೊತ್ತು. ಬೆರಳಾಡಿಸಿದರೆ ‘ಮಹಾರುದ್ರ’ ಎಂಬಷ್ಟು ಕೈಗೆ ಹತ್ತುತ್ತದೆ. ಮುಂದಿನದೆಲ್ಲ ಸುಣ್ಣದಲ್ಲಿ ಮುಳುಗಿದೆ. ವಂಶದ ಮೂಲಪುರುಷನ ಹೆಸರೆಂಬ ಭಕ್ತಿಯಿಂದ ಹಂಡಿಯವರ ಸೊಸೆಯಂದಿರು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಆ ಕಲ್ಲಿಗೆ ಒಂದು ಕೈ ಹೆಚ್ಚೇ ಸುಣ್ಣ ಬಳಿಯುತ್ತ ಬಂದು, ಹೆಸರನ್ನು ಕಾಪಾಡಲು ಹೋಗಿ ಹೆಸರನ್ನೇ ಹೂತುಬಿಟ್ಟಿದ್ದರು.

ಆ ಮೂಲಪುರುಷ, ನಮ್ಮ ನಾಯಕನ ಮುತ್ತಜ್ಜ, ಅದೇ ಹೆಸರಿನ ಮಹಾರುದ್ರಪ್ಪ, ಒಬ್ಬನೇ ಹದಿನೇಳು ಮಂದಿ ದರೋಡೆಕೋರರನ್ನು ಹೊಡೆದೋಡಿಸಿದನಂತೆ. ಹಣೆಗೆ ಬಿದ್ದ ಕತ್ತಿಯೇಟಿಗೆ ಮೆಚ್ಚಿ ದೇಸಾಯಿಯವರು ಈ ಮನೆ ಕಟ್ಟಿಸಿಕೊಟ್ಟರಂತೆ. ಪಡಸಾಲೆಯ ಚಿತ್ರದಲ್ಲಿ ಆ ಹಣೆಯ ಗಾಯ ಬೆರಳುದ್ದ, ಕುಂಕುಮದಷ್ಟು ಕೆಂಪು. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೀಟು ಹರಿಯುತ್ತ ಮಹಾರುದ್ರಪ್ಪ ಈ ಕಥೆ ಹೇಳಿದ್ದ. ಎಷ್ಟೋ ಮಂದಿ ತಮ್ಮ ಊರು ದಾಟಿ ಮುಂದೆ ಹೋಗಿ ಇಳಿದಿದ್ದರು.

ಈಗ ಜಿಲ್ಲೆಯ ಹಳೆಯ ಮನೆಗಳ ಚರಿತ್ರೆ ಬರೆಯುತ್ತಿದ್ದ ಪ್ರಭಾವತಿ ಮೇಡಂ ಹನ್ನೊಂದು ಗಂಟೆಗೆ ಬರುವವರಿದ್ದರು. ‘ಪುರಾವೆ ಇದ್ದರೆ ಪುಸ್ತಕದಲ್ಲಿ ಹಾಕುತ್ತೇನೆ’ ಎಂದಿದ್ದರು. ಪುರಾವೆ ಸುಣ್ಣದೊಳಗಿತ್ತು. ಎದುರು ಮನೆಯ ಬಸೆಟ್ಟೆಪ್ಪ ಮಾತ್ರ ತನ್ನ ಕಟ್ಟೆಯ ಮೇಲೆ ಕೂತು, “ಮಾರುದ್ರಾ, ಹ್ವಾದ ವರ್ಸ ಹನ್ನೆರಡ ಮಂದಿ ಇದ್ರಲ್ಲೋ, ಹದಿನೇಳ ಯಾವಾಗ ಆದ್ರು?” ಎಂದು ಕೆಣಕಿದ್ದ. ಆ ಮಾತು ಮಹಾರುದ್ರಪ್ಪನ ಎದೆಗೆ ನಾಟಿತ್ತು. ಇವತ್ತು ಇಡೀ ಊರಿನ ಬಾಯಿ ಮುಚ್ಚಿಸಬೇಕು.

ಅಂತೂ ಆ ಮಹಾಬಾಹುವು ಕಳೆ ಕೀಳುವ ಖುರ್ಪಿಯನ್ನು ಝಳಪಿಸುತ್ತ ರಣಾಂಗಣಕ್ಕೆ ಬಂದನು. ಏಣಿ ಬೇಕಾಗಲಿಲ್ಲ, ಅಡ್ಡಗಲ್ಲು ಸರಿಯಾಗಿ ಅವನ ಹಣೆಯ ಮಟ್ಟಕ್ಕೇ ಇತ್ತು. ಮೊದಲ ಏಟಿಗೆ ಸುಣ್ಣದ ಹಕ್ಕಳೆ ಹಾರಿತು. ಕೂಡಲೇ ಒಳಗಿನಿಂದ, ರೊಟ್ಟಿತಾಡನ-ದೃಢಬಾಹುವೂ ಪೊರಕೆ-ಗದಾಧಾರಿಣಿಯೂ ಆದ ಧರ್ಮಪತ್ನಿ ದಾನವ್ವ ಪ್ರತ್ಯಕ್ಷಳಾದಳು.

“ಏನ್ರೀ, ಸುಣ್ಣಾ ಹಚ್ಚಿ ವಾರ ಆಗಿಲ್ಲ, ನನ್ನ ಬೆರಳ ಸುಟ್ಟಿದ್ದು ಇನ್ನೂ ಉರೀತೈತಿ. ಕಟ್ಟಿ ಮ್ಯಾಲ ಸಂಡಿಗಿ ಒಣಾಕ ಹಾಕೇನಿ, ಕಣ್ಣ ಕಾಣೂದಿಲ್ಲೇನು?”

ಸಿಟ್ಟು ಬಂದಾಗ ದೊಡ್ಡಾಟದ ಭಾಷೆಯೇ ಬಾಯಿಗೆ ಬರುವುದು ಮಹಾರುದ್ರಪ್ಪನ ಹುಟ್ಟುಗುಣ. “ಎಲೌ ಮಾನಿನಿ! ಹದಿನೇಳು ಖಡ್ಗಗಳಿಗೆ ಹಣೆಯೊಡ್ಡಿದ ಅತಿರಥನ ಮರಿಮಗನು ನಿನ್ನ ಸಂಡಿಗೆಗೆ ಅಂಜಿ ಹಿಮ್ಮೆಟ್ಟುವನೆಂದು ಬಗೆದೆಯಾ? ಈ ಶಿಲೆಯೊಳಗೆ ನಮ್ಮ ವಂಶದ ಕೀರ್ತಿಯು ಮಲಗಿರುವುದು. ಅದನ್ನು ಎಬ್ಬಿಸದೆ ಈ ಖುರ್ಪಿಯನ್ನು ಕೆಳಗಿಡಲಾರೆ, ಇಡಲಾರೆ, ಇಡಲಾರೆ!”

“ಎಬ್ಬಸ್ರಿ. ಸಂಡಿಗ್ಯಾಗ ಒಂದ ಚೂರ ಬಿತ್ತಂದ್ರ ವರ್ಸಾನಗಟ್ಲೆ ಬರೇ ರೊಟ್ಟಿ, ಖಾರಪುಡಿ.”

ಘೋರವಾದ ಈ ಶಾಪ ಕೇಳಿ ವೀರನು ಸಂಡಿಗೆಯ ಕಡೆಗೊಮ್ಮೆ ಓರೆಗಣ್ಣಿನಿಂದ ನೋಡಿದನು. ಆದರೂ ಎರಡನೆಯ ಏಟು ಹಾಕಿದನು. ಸುಣ್ಣವೃಷ್ಟಿಯಾಯಿತು. ದಾನವ್ವ ಸಂಡಿಗೆಯ ಧೋತರವನ್ನು ನಾಲ್ಕೂ ಮೂಲೆ ಹಿಡಿದೆತ್ತಿ, ಒಂದನ್ನೂ ಬಲಿಗೊಡದೆ ಒಳಕೋಣೆಗೆ ಸಾಗಿಸಿದ ಪರಿಯನ್ನು ಕಂಡಿದ್ದರೆ ದಂಡನಾಯಕರೂ ನಾಚುತ್ತಿದ್ದರು. ಹೊರಗೆ ಬಂದವಳು ಕಲ್ಲನ್ನು ನೋಡಿದಳು. ಖುರ್ಪಿಯ ಗೀರು ಅಕ್ಷರದ ಅಂಚಿಗೇ ಬಿದ್ದಿತ್ತು. ಅವಳ ಸಿಟ್ಟು ಅಲ್ಲಿಗೇ ಇಳಿಯಿತು.

“ಹಿಂಗ ಕೆತ್ತಿದ್ರ ಅಕ್ಷರಾನೂ ಹೋಗ್ತಾವ್ರಿ. ತಡೀರಿ,” ಎಂದು ಒಂದು ಬೋಗುಣಿ ಹುಣಸೆಹುಳಿಯ ನೀರನ್ನೂ ತೆಂಗಿನ ನಾರನ್ನೂ ತಂದುಕೊಟ್ಟಳು. ಹಿತ್ತಾಳೆ ಕೊಡ ತಿಕ್ಕುವ ಆ ದಿವ್ಯಾಸ್ತ್ರದ ಮುಂದೆ ಶತಮಾನದ ಸುಣ್ಣ ಬುಸುಬುಸು ನೊರೆಗಟ್ಟಿ ಸೋತು ಇಳಿಯತೊಡಗಿತು. ಗಂಡಹೆಂಡತಿ ಇಬ್ಬರೂ ಸೇರಿ ತಿಕ್ಕಿದರು.

ಅಷ್ಟರಲ್ಲಿ ಮೇಡಂ ಬಂದರು. ಬಸೆಟ್ಟೆಪ್ಪನೂ ಕಟ್ಟೆ ಇಳಿದು ಬಂದ. ಮಹಾರುದ್ರಪ್ಪ ಮೀಸೆ ತಿರುವಿ ಪಕ್ಕಕ್ಕೆ ಸರಿದನು. ಮೇಡಂ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು:

“ಮಹಾರುದ್ರಾ, ತೆಲಿ ಬಗ್ಗಿಸಿ ಬಾರೋ ಮಗನ. ಹಣಿ ಗಾಯ ಇನ್ನೂ ಮಾಯ್ದಿಲ್ಲ. ಅವ್ವ ಪಾರವ್ವ ಬರಸಿದ್ದು.”

ಬಸೆಟ್ಟೆಪ್ಪ, “ಅಂದ್ರ ಹಣಿಗೆ ಬಡದದ್ದು ಕತ್ತಿ ಅಲ್ಲ, ಬಾಗಲಾ,” ಎಂದ. ನಗಬೇಕೆಂದಿದ್ದವನು ಗೆಳೆಯನ ಮುಖ ನೋಡಿ ನಗು ನುಂಗಿಕೊಂಡ. ಮಹಾರುದ್ರಪ್ಪನಿಗೆ ನಾಚಿಕೆಯಿಂದ ನೆಲವೇ ಬಾಯಿಬಿಡಬಾರದೇ ಎನಿಸಿತು. ಮೂವತ್ತೆರಡು ವರ್ಷ, ಅಷ್ಟು ಬಸ್ಸು, ಅಷ್ಟು ಮಂದಿ. ಅದಕ್ಕಿಂತ ಹೆಚ್ಚಾಗಿ, ಆ ‘ಮಗನ’ ಎಂಬ ಮಾತು ತನ್ನನ್ನೇ ಯಾರೋ ಕರೆದಂತೆ ಕೇಳಿಸಿತು. ಅವನ ಅವ್ವ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು.

“ಬಹಳ ಚೆನ್ನಾಗಿದೆ ಸರ್, ಇಂಥ ಬರಹ ನಾನೆಲ್ಲೂ ನೋಡಿಲ್ಲ,” ಎಂದರು ಮೇಡಂ, ಪೆನ್ನು ತೆಗೆಯುತ್ತ. “ಈ ಮನೆಯ ಬಗ್ಗೆ ಏನಂತ ಬರೆಯಲಿ?”

ತುಂಬಿದ ಕಣ್ಣು ಯಾರಿಗೂ ಕಾಣಬಾರದೆಂದು ಆ ಅಪ್ರತಿಮವೀರನು ರಭಸದಿಂದ ತಿರುಗಿ ಒಳಕ್ಕೆ ಧಾವಿಸಿದನು.

ಧಡ್.

ದಾನವ್ವ ಅವಸರ ಮಾಡಲಿಲ್ಲ. ಬಾಗಿಲ ಹಿಂದಿನ ಗೂಡಿಗೆ ಕೈ ಹಾಕಿ, ಅತ್ತೆಯ ಕಾಲದಿಂದಲೂ ಇದಕ್ಕೆಂದೇ ಅಲ್ಲಿದ್ದ ಅರಿಸಿನದ ಬಟ್ಟಲು ತೆಗೆದು, ಗಂಡನನ್ನು ಹೊಸ್ತಿಲ ಮೇಲೆ ಕೂರಿಸಿ ಹಣೆಗೆ ಹಚ್ಚಿದಳು.

“ಬರಕೊಳ್ರಿ ಮೇಡಂ,” ಎಂದಳು, “ಇನ್ನೂ ಮಾಯ್ದಿಲ್ಲ ಅಂತ ಬರಕೊಳ್ರಿ.”

ಈ ಕಥೆ ಕೇಳಿದವರಿಗೆ ಏನು ಪುಣ್ಯ ಬರುತ್ತದೋ ನಾನರಿಯೆ. ಮುಂದಿನ ದೀಪಾವಳಿಗೆ ದಾನವ್ವ ಅಡ್ಡಗಲ್ಲೊಂದನ್ನು ಬಿಟ್ಟು ಉಳಿದ ಗೋಡೆಗೆಲ್ಲ ಸುಣ್ಣ ಬಳಿದಳು. ಹೋಗಿಬರುವವರೆಲ್ಲ ಈಗ ಆ ಅಕ್ಷರಗಳನ್ನು ಓದುತ್ತಾರೆ. ಅರಿಸಿನದ ಬಟ್ಟಲು ಮಾತ್ರ ಇನ್ನೂ ಗೂಡಿನಲ್ಲೇ ಇದೆ.